ಕಟ್ಟೋನನ್ನ ಕಟ್ಟಿದ ಬೆಲ್ಟು

ಶರ್ವಾಣಿ ವಿಮಾನದ ಕಿಟಕಿ ಪಕ್ಕದ ಆಸನದ ಮೇಲೆ, ಮಗಳನ್ನ ಕಾರಲ್ಲಿ ಕಟ್ಟಿ ಕೂರಿಸೋ ಪುಟ್ಟ ಕಾರ್ ಸೀಟಿಟ್ಟು, ಅದರ ಬೆನ್ನೊಳಗಿಂದ ವಿಮಾನದ ಬೆಲ್ಟು ತೂರಿಸಿ ಬಿಗಿದಳು. ಆಮೇಲೆ ಮಗೂನ ಅದರಲ್ಲಿ ಕೂರಿಸಿ ಕಾರ್ ಸೀಟಿನ ಪಟ್ಟಿ ಹಾಕಿದಳು.

ಕಾರ್ ಸೀಟಿಗೆ ಅವಮಾನ ಆಯ್ತು. "ಲೋ ಬೆಲ್ಟೇ, ಎರಡು ವರ್ಷದಿಂದ ಈ ಮಗೂನ ಕಟ್ಟಿ ಕೂರಿಸ್ತಿರೋನು ನಾನು. ನನ್ನನ್ನೇ ಕಟ್ಟೋಕೆ ನೀನ್ಯಾರೋ? ಬಿಡೋ!"

"ಇಳಿದ ಮೇಲೆ ಬಿಡ್ತೀನಿ ಸ್ವಾಮಿ," ಅಂತು ಬೆಲ್ಟು. "ಮಗು ನಿಮ್ಮನ್ನ ನಂಬಿದೆ. ನೀವೂ ಯಾರನ್ನಾದ್ರೂ ನಂಬಬೇಕಲ್ಲ?"

ಕಾರ್ ಸೀಟು ಮುನಿಸ್ಕೊಂಡು ಆಚೆ ತಿರುಗೋಕೆ ನೋಡ್ತು. ಬೆಲ್ಟು ಅದಕ್ಕೂ ಬಿಡಲಿಲ್ಲ.

ಅಷ್ಟರಲ್ಲಿ ಮೋಡದೊಳಗೆ ವಿಮಾನ ದಡಕ್ಕನೆ ಕುಸೀತು. ಪಕ್ಕದ ತಾತನ ಚಿತ್ರಾನ್ನ ಹಾರಿ ಹಿಂದಿನ ಸಾಲಿನವರ ತಲೆ ಮೇಲೆ ಕೂತಿತು. ಮಗು ಮಾತ್ರ ಕೂತಲ್ಲೇ ಕೂತು ಚಪ್ಪಾಳೆ ತಟ್ಟಿತು.

ಕಾರ್ ಸೀಟು ಮೆಲ್ಲಗೆ ಕೆಮ್ಮಿತು. "ಬೆಲ್ಟಣ್ಣಾ, ಇನ್ನೊಂಚೂರು ಬಿಗೀತೀರಾ?"