ಬೇರು ಎಲ್ಲಿಂದ ಶುರು?

ಮನೆಯಂಗಳದ ಹುಲ್ಲುಹಾಸಿನ ಮೇಲೆ ಒಣಹುಲ್ಲು ದಪ್ಪಗೆ ಕವಿದು ಅದಕ್ಕೆ ಉಸಿರು ಕಟ್ಟಿತ್ತು. ಅದನ್ನು ಕೆದರಿ ತೆಗೆಯಲು ಎರಡು ಯಂತ್ರಗಳು ಬಂದವು. ಯಾವುದಾಗಬಹುದೆಂದು ಹೇಳಲು ಹುಲ್ಲು, ಹುಟ್ಟಿದಾಗಿನಿಂದ ನೆಲ ಕೆದರುತ್ತಲೇ ಬಂದಿದ್ದ ಹೇಂಟೆಯನ್ನು ಕರೆಯಿತು.

"ಒಂದೇ ಸುತ್ತಿಗೆ ಗೇಣು ಆಳದ ಮಣ್ಣು ಮಗುಚುತ್ತೇನೆ!" ಎಂದು ಪೆಟ್ರೋಲ್ ಯಂತ್ರ ಗುಡುಗಿತು.

ಕರೆಂಟಿನ ಪುಟ್ಟ ಯಂತ್ರ ಹುಲ್ಲನ್ನೇ ಕೇಳಿತು: "ಅಕ್ಕಾ, ನಿಮ್ಮ ಬೇರು ಎಲ್ಲಿಂದ ಶುರು? ನನ್ನ ಹಲ್ಲನ್ನು ಅದಕ್ಕಿಂತ ಮೇಲೇ ನಿಲ್ಲಿಸುತ್ತೇನೆ."

ಹೇಂಟೆ ಹೇಳಿತು: "ಅದು ಗದ್ದೆಗೆ ಹೋಗಲಿ. ಇದು ಬುಡ ಹಿಡಿದುಕೊಂಡು ತಲೆಯ ಸಿಕ್ಕು ಬಿಡಿಸುವ ಕೈ. ಇದೇ ಇರಲಿ."

ಪುಟ್ಟ ಯಂತ್ರ ಓಡಿತು. ಒಣಹುಲ್ಲೆಲ್ಲ ರಾಶಿಯಾಯಿತು, ಒಂದು ಬೇರೂ ಕಿತ್ತು ಬರಲಿಲ್ಲ.

ಮರುದಿನ ಹುಳ ಹುಡುಕುತ್ತ ಬಂದ ಹೇಂಟೆ, ಕೆದರಲು ಎತ್ತಿದ ಕಾಲನ್ನು ಹಾಗೇ ತಡೆದು, ಜನ್ಮದಲ್ಲಿ ಮೊದಲ ಬಾರಿಗೆ ಕೇಳಿತು: "ಅಕ್ಕಾ, ನಿಮ್ಮ ಬೇರು ಎಲ್ಲಿಂದ ಶುರು?"