ಸೋಮವಾರಕ್ಕೆ ಮುಗಿಯುವ ವ್ರತ

"ಗುರುಗಳೇ, ಸೋಮವಾರಕ್ಕೆ ಮುಗಿದುಹೋಗುವಂಥ ವ್ರತ ಯಾವುದಾದರೂ ಇದೆಯೇ?"

ಕೇಳಿದವನು ಕೆಂಪಸಿದ್ದಯ್ಯ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರ. ಹನ್ನೆರಡು ವರ್ಷದಿಂದ ಪ್ರತಿ ಬುಧವಾರ ಸಂಜೆ ಗುರುಗಳ ಬಳಿ ಬಂದು ಕೂರುವವನು. ಆದರೆ ವ್ರತ, ಉಪವಾಸ ಎಂದರೆ ಮಾರು ದೂರ. ಶಿವರಾತ್ರಿಯ ದಿನ ಮನೆಯವರೆಲ್ಲ ಉಪವಾಸವಿದ್ದರೆ ಇವನಿಗೆ ಫಲಾಹಾರದ ಹೆಸರಿನಲ್ಲಿ ಎರಡು ಸಲ ಉಪ್ಪಿಟ್ಟು ಬೇಕಾಗುತ್ತಿತ್ತು. ಅಂಥವನು ತಾನಾಗಿ ವ್ರತ ಕೇಳಿದ್ದು ಗುರುಗಳಿಗೆ ಸೋಜಿಗವೆನಿಸಿತು.

"ಸೋಮವಾರ ಏನಿದೆಯಪ್ಪ?" ಎಂದರು.

ಕೆಂಪಸಿದ್ದಯ್ಯ ಜೇಬಿನಿಂದ ಒಂದು ಚೀಟಿ ತೆಗೆದ. ತೋರಿಸಲು ಹೋಗಿ, ತೋರಿಸದೆ, ಮತ್ತೆ ಜೇಬಿಗೇ ಇಟ್ಟುಕೊಂಡ. ಕಚೇರಿಯಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿದ್ದರಂತೆ. ಇವನದು ಗಡಿಯ ಹತ್ತಿರ ಬಂದಿದೆಯಂತೆ. ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬನ್ನಿ, ಇನ್ನೊಮ್ಮೆ ನೋಡೋಣ ಎಂದರಂತೆ.

ಇವನ ತಂದೆಗೆ ಅದೇ ಕಾಯಿಲೆಯಿಂದ ಕಣ್ಣು ಹೋಗಿತ್ತು. ಕೊನೆಯ ಆರು ವರ್ಷ ತಂದೆಯ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದವನು ಇವನೇ. ಚೀಟಿ ಬಂದಾಗಿನಿಂದ ಇವನಿಗೆ ಬೇರೆ ಯೋಚನೆಯೇ ಇರಲಿಲ್ಲ. ಹೆದರಿದ್ದ. ಹೆದರಿದ್ದೇನೆಂದು ಹೆಂಡತಿಗೂ ಹೇಳಿರಲಿಲ್ಲ.

"ಇವತ್ತು ರಾತ್ರಿಯಿಂದಲೇ ಐದು ದಿನ ಬರೀ ಮಜ್ಜಿಗೆಯ ಮೇಲೆ ಇದ್ದುಬಿಡುತ್ತೇನೆ ಗುರುಗಳೇ. ಸುಮ್ಮನೆ ಊಟ ಬಿಟ್ಟರೆ ಮನೆಯಲ್ಲಿ ಏನು ಎತ್ತ ಎಂದು ಕೇಳುತ್ತಾರೆ. ವ್ರತ ಎಂದರೆ ಯಾರೂ ಕೇಳುವುದಿಲ್ಲ. ಸೋಮವಾರ ಒಂದು ಒಳ್ಳೆಯ ಚೀಟಿ ಬಂದುಬಿಟ್ಟರೆ ಸಾಕು, ಗೆದ್ದೆ."

ಗುರುಗಳು ನಗಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಸುತ್ತಲಿನ ಆಲೆಮನೆಗಳ ಬೆಲ್ಲವೆಲ್ಲ ಆ ಪೇಟೆಗೇ ಬರಬೇಕು. ರೈತರು ಬೆಲ್ಲದ ಅಚ್ಚುಗಳನ್ನು ರಾಶಿ ಹಾಕಿಕೊಂಡು ಕೂರುತ್ತಿದ್ದರು. ಬೇರೆ ವ್ಯಾಪಾರಿಗಳು ರಾಶಿಯ ಮೇಲಿನ ಅಚ್ಚು ಎತ್ತಿ, ಮೂಸಿ, ಬಣ್ಣ ನೋಡಿ ದರ ಹೇಳುತ್ತಿದ್ದರು. ಇವನು ಮೇಲಿನದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ರಾಶಿಯ ಅಡಿಗೆ ಕೈ ತೂರಿಸಿ, ನೆಲಕ್ಕೆ ತಾಗಿದ್ದ ಅಚ್ಚನ್ನು ಹೊರಗೆ ಎಳೆಯುತ್ತಿದ್ದ. ಅದನ್ನು ಮುರಿದು ಹುಣಿಸೆ ಬೀಜದಷ್ಟು ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಚೂರು ಕರಗುವಷ್ಟರಲ್ಲಿ ತೀರ್ಪು ಬರುತ್ತಿತ್ತು. ಇದರ ಪಾಕ ತಳ ಹತ್ತಿದೆ. ಇದು ಚೌಳು ನೆಲದ ಕಬ್ಬು. ಇದಕ್ಕೆ ಸಕ್ಕರೆ ಬೆರೆಸಿದ್ದೀರಿ. ಮೂವತ್ತು ವರ್ಷದಲ್ಲಿ ಅವನ ನಾಲಿಗೆ ಒಂದು ಸಲವೂ ತಪ್ಪಿರಲಿಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ, ಪೇಟೆಯೂ ಒಪ್ಪಿಕೊಂಡಿತ್ತು.

ಒಮ್ಮೆ ಒಬ್ಬ ರೈತ ಹೊಂಬಣ್ಣದ ಅಚ್ಚುಗಳನ್ನು ಮೇಲೆ ಜೋಡಿಸಿ, ಕಪ್ಪಗಾದ ಮೆದು ಬೆಲ್ಲವನ್ನು ಅಡಿಗೆ ಹಾಕಿಕೊಂಡು ಬಂದ. ವ್ಯಾಪಾರಿ ಅಡಿಯ ಅಚ್ಚನ್ನು ಎಳೆದು ಎಲ್ಲರಿಗೂ ಕಾಣುವಂತೆ ಮೇಲೆ ಹಿಡಿದ.

"ಮೇಲಿರೋದು ನೀನು ನನಗೆ ತೋರಿಸೋಕೆ ಇಟ್ಟಿದ್ದು. ಕೆಳಗಿರೋದು ನೀನು ನನಗೆ ಕೊಡೋಕೆ ತಂದಿದ್ದು. ಅಲ್ವೇನಪ್ಪ?"

ಪೇಟೆಯೆಲ್ಲ ನಕ್ಕಿತು. ರೈತ ತಲೆ ತಗ್ಗಿಸಿಕೊಂಡು ರಾಶಿಯನ್ನು ಮತ್ತೆ ಗಾಡಿಗೆ ತುಂಬಿದ. ವ್ಯಾಪಾರಿಗೆ ಅಂದು ಮಧ್ಯಾಹ್ನದ ಊಟ ಬಹಳ ರುಚಿಸಿತು.

ಹೀಗಿರುವಾಗ ಒಂದು ದಿನ ಒಬ್ಬ ವೈದ್ಯ ಪೇಟೆಗೆ ಬಂದು, ಮೇಜು ಹಾಕಿಕೊಂಡು ಕೂತು, ಬಂದವರ ಬೆರಳು ಚುಚ್ಚಿ ಒಂದೊಂದು ಹನಿ ರಕ್ತ ತೆಗೆದುಕೊಂಡ. ಪುಕ್ಕಟೆ ಎಂದ ಮೇಲೆ ವ್ಯಾಪಾರಿಯೂ ಬೆರಳು ಕೊಟ್ಟ. ವೈದ್ಯ ನೋಡಿ, ನೀವು ಸಕ್ಕರೆ ಕಾಯಿಲೆಯ ಗಡಿಯಲ್ಲಿರಬಹುದು, ಆರನೆಯ ದಿನ ಬರೀ ಹೊಟ್ಟೆಯಲ್ಲಿ ನನ್ನಲ್ಲಿಗೆ ಬನ್ನಿ, ಸರಿಯಾಗಿ ನೋಡೋಣ ಎಂದ. ಸಿಹಿ ಎಷ್ಟು ತಿನ್ನುತ್ತೀರಿ ಎಂದು ಕೇಳಿದ. ಹಬ್ಬಕ್ಕೆ ಮಾತ್ರ ಎಂದು ವ್ಯಾಪಾರಿ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ರಾಶಿಯ ಮುಂದೆ ಬಾಯಿಗೆ ಹಾಕಿಕೊಂಡದ್ದನ್ನು ಅವನು ಎಂದೂ ತಿನ್ನುವುದು ಎಂದುಕೊಂಡಿರಲಿಲ್ಲ. ಅದು ಕೆಲಸ.

ಅಂದು ಅವನು ಹೆದರಿ ಮನೆಗೆ ಹೋದ. ಅವನನ್ನು ಹೆದರಿಸಿದ್ದು ಕಾಯಿಲೆಯಲ್ಲ, ಕಾಯಿಲೆಯ ಹೆಸರು. ಬೆಲ್ಲದವನಿಗೆ ಸಕ್ಕರೆ ಕಾಯಿಲೆಯಂತೆ ಎಂದು ಪೇಟೆ ನಗುತ್ತದೆ. ನಾಲಿಗೆಗೆ ಬೆಲ್ಲ ಮುಟ್ಟಿಸಬೇಡ ಎನ್ನುತ್ತಾರೆ. ನಾಲಿಗೆ ಹೋದರೆ ತನ್ನಲ್ಲಿ ಉಳಿಯುವುದೇನು? ಆ ಪೇಟೆಯಲ್ಲಿ ಅವನನ್ನು ಅವನನ್ನಾಗಿ ಮಾಡಿದ್ದೇ ಆ ನಾಲಿಗೆ. ಹೇಗಾದರೂ ಮಾಡಿ ಆರನೆಯ ದಿನ ಒಳ್ಳೆಯ ಚೀಟಿ ತರಲೇಬೇಕು ಎಂದು ನಿರ್ಧರಿಸಿದ.

ಹೊಟ್ಟೆ ಸರಿಯಿಲ್ಲವೆಂದು ಹೇಳಿ ಐದು ದಿನ ಪೇಟೆಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು ನೆನೆಸಿದ ಮೆಂತ್ಯ ನುಂಗಿದ. ಹಾಗಲಕಾಯಿ ರಸ ಕುಡಿದು ಮುಖ ಹಿಂಡಿಕೊಂಡ. ಮಧ್ಯಾಹ್ನ ನೀರಿನಂಥ ಗಂಜಿ, ಸಂಜೆ ಅದೂ ಇಲ್ಲ. ಕೆರೆ ಏರಿಯ ಮೇಲೆ ಮೂರು ಸುತ್ತು ನಡೆದು ಏದುಸಿರು ಬಿಡುತ್ತ ಬಂದ. ಹೆಂಡತಿ ನೋಡಿದಳು, ಕೇಳಿದಳು. ಅವಳಿಗೂ ಹೊಟ್ಟೆಯ ನೆಪವನ್ನೇ ಹೇಳಿದ. ಐದನೆಯ ದಿನ ಅವನೇ, "ನಾಳೆ ಮಧ್ಯಾಹ್ನಕ್ಕೆ ಹೋಳಿಗೆ ಮಾಡು. ತುಪ್ಪ ಕಾಯಿಸಿಡು" ಎಂದ.

ಆರನೆಯ ದಿನ ವೈದ್ಯನಲ್ಲಿಗೆ ಹೋದ. ರಕ್ತ ತೆಗೆದರು. ಬರೀ ಹೊಟ್ಟೆಯ ಲೆಕ್ಕ ಚೆನ್ನಾಗಿಯೇ ಬಂತು. ವ್ಯಾಪಾರಿ ಎದ್ದು ಚಪ್ಪಲಿ ಮೆಟ್ಟಿಕೊಂಡ. ಅವನ ಮೂಗಿಗೆ ಆಗಲೇ ತುಪ್ಪದ ವಾಸನೆ ಬರುತ್ತಿತ್ತು.

"ಕೂತ್ಕೊಳ್ಳಿ. ಇನ್ನೊಂದು ಪರೀಕ್ಷೆಯ ಉತ್ತರ ಬರಬೇಕು" ಎಂದ ವೈದ್ಯ. "ಇದು ನಿನ್ನೆ ಮೊನ್ನೆಯ ಊಟ ಹೇಳುತ್ತೆ. ಅದು ಮೂರು ತಿಂಗಳಿಂದ ಹೇಗಿದ್ದಿರಿ ಅನ್ನೋದು ಹೇಳುತ್ತೆ."

"ಇವತ್ತು ತೆಗೆದ ರಕ್ತಕ್ಕೆ ಮೂರು ತಿಂಗಳ ಹಿಂದಿನದು ಹೇಗೆ ಗೊತ್ತಾಗುತ್ತೆ ಸ್ವಾಮಿ?"

"ನೀವು ತಿಂದಿದ್ದು ನಿಮಗೆ ಮರೆತಿರಬಹುದು. ರಕ್ತಕ್ಕೆ ಮರೆತಿರೋದಿಲ್ಲ."

ವ್ಯಾಪಾರಿ ಬೆಂಚಿನ ಮೇಲೆ ಕೂತ. ಯಾರೋ ತನ್ನ ರಾಶಿಯ ಅಡಿಗೆ ಕೈ ತೂರಿಸಿದಂತಾಯಿತು. ಐದು ದಿನದ ಗಂಜಿಯನ್ನು, ಮೆಂತ್ಯವನ್ನು, ಹಾಗಲಕಾಯಿಯನ್ನು ಮೇಲೆ ಚೆಂದವಾಗಿ ಜೋಡಿಸಿಕೊಂಡು ತಾನು ಇಲ್ಲಿಗೆ ಬಂದಿದ್ದೇನೆ ಎಂಬುದು ಅವನಿಗೆ ಥಟ್ಟನೆ ಹೊಳೆಯಿತು. ಅಂದು ತಲೆ ತಗ್ಗಿಸಿಕೊಂಡು ಗಾಡಿ ತುಂಬಿದ ರೈತನ ನೆನಪಾಯಿತು.  ಮೂವತ್ತು ವರ್ಷ ಬೇರೆಯವರಲ್ಲಿ ಹಿಡಿದು ಹಾಕಿದ ಮೋಸವನ್ನು ತಾನು ತನ್ನ ಮೈಗೇ ಮಾಡಲು ಹೊರಟಿದ್ದ.

ಉತ್ತರ ಬಂತು. ಗಡಿಯಲ್ಲೇ ಇತ್ತು, ಕಾಯಿಲೆಗೆ ತಾಗುವ ಅಂಚಿನಲ್ಲಿ.

ವೈದ್ಯ ಗದರಲಿಲ್ಲ. "ಕಾಯಿಲೆ ಇನ್ನೂ ಆಗಿಲ್ಲ. ಹಿಂದಕ್ಕೆ ಬರೋದಕ್ಕೆ ದಾರಿ ಇದೆ. ಆದರೆ ಐದು ದಿನದ ದಾರಿಯಲ್ಲ" ಎಂದ.

ಮನೆಗೆ ಬಂದ. ಹೋಳಿಗೆ ಸಿದ್ಧವಾಗಿತ್ತು. ವ್ಯಾಪಾರಿ ತಟ್ಟೆಯ ಮುಂದೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಆಕೆ ಬೈಯಲಿಲ್ಲ. ಅರ್ಧ ಹೋಳಿಗೆಯನ್ನು ಅವನ ತಟ್ಟೆಗೆ ಹಾಕಿ, ಉಳಿದದ್ದನ್ನು ಅಕ್ಕಪಕ್ಕದ ಮನೆಗಳಿಗೆ ಹಂಚಿಬಂದಳು.

ಮರುದಿನ ಪೇಟೆಗೆ ಹೊರಟವನ ಕೈಗೆ ಒಂದು ಡಬ್ಬಿ ಕೊಟ್ಟಳು. ಬಾಯಿಗೆ ಒಂದು ಚೂರು ಹಾಕಿಕೊಂಡಾಗಲೆಲ್ಲ ಅಷ್ಟೇ ದೊಡ್ಡ ಇನ್ನೊಂದು ಚೂರನ್ನು ಇದರೊಳಗೆ ಹಾಕಿ ಎಂದಳು. ಅವನು ಹಾಗೆಯೇ ಮಾಡಿದ. ಸಂಜೆ ಡಬ್ಬಿಯ ಮುಚ್ಚಳ ಕೂರಲಿಲ್ಲ. ಆಕೆ ಅದನ್ನು ತಟ್ಟೆಗೆ ಸುರಿದು ನೋಡಿ, "ಇಷ್ಟರಲ್ಲಿ ನಾನು ಮನೆಮಂದಿಗೆಲ್ಲ ಪಾಯಸ ಮಾಡ್ತೀನಲ್ರೀ!" ಎಂದಳು.  ಮೂವತ್ತು ವರ್ಷ ದಿನಾಲೂ ವ್ಯಾಪಾರಿ ಒಬ್ಬನೇ ಅಷ್ಟು ಪಾಯಸ ಉಂಡಿದ್ದ, ಉಂಡದ್ದೇ ತಿಳಿದಿರಲಿಲ್ಲ.

ಅಂದಿನಿಂದ ಎರಡು ಮುದ್ದೆಯ ಜಾಗದಲ್ಲಿ ಒಂದಾಯಿತು. ಸೊಪ್ಪು, ಕಾಳು, ತರಕಾರಿ ಮೊದಲು, ಅನ್ನ ಕೊನೆಗೆ, ಅದೂ ಒಂದು ಸೌಟು. ಪೇಟೆಗೆ ನಡೆದೇ ಹೋದ, ನಡೆದೇ ಬಂದ. ಹದಿನೈದು ದಿನ ಹೊಟ್ಟೆ ಗೊಣಗಿತು, ಆಮೇಲೆ ಒಗ್ಗಿಕೊಂಡಿತು. ಮನೆಯದು ಸುಲಭವಾಗಿತ್ತು. ಕಷ್ಟವಾದದ್ದು ಪೇಟೆಯದು. ಚೂರು ಬಾಯಿಗೆ ಹಾಕದೆ ಬೆಲ್ಲವನ್ನು ಮುರಿದು ನೋಡಿದ, ಉಜ್ಜಿ ನೋಡಿದ, ನೀರಿನಲ್ಲಿ ಕದಡಿ ನೋಡಿದ. ಎರಡು ಸಲ ಎಡವಿದ. ಕೆಟ್ಟದ್ದನ್ನು ಒಳ್ಳೆಯದೆಂದು ಕೊಂಡ. ಸಾಹುಕಾರನ ನಾಲಿಗೆ ಕೆಟ್ಟಿತು ಎಂದು ಜನ ಗುಸುಗುಸು ಮಾತಾಡಿದರು. ಅವನು ಯಾವುದಕ್ಕೆ ಹೆದರಿದ್ದನೋ ಅದು ಬಾಗಿಲಿಗೆ ಬಂದು ನಿಂತಿತ್ತು.

ಒಂದು ಬೆಳಿಗ್ಗೆ, ಅಂದು ತಲೆ ತಗ್ಗಿಸಿಕೊಂಡು ಹೋಗಿದ್ದ ರೈತ ಮತ್ತೆ ಬಂದ. ರಾಶಿ ಹಾಕಿದ. ವ್ಯಾಪಾರಿ ಕುಕ್ಕರುಗಾಲಲ್ಲಿ ಕೂತು, ಅಡಿಯ ಅಚ್ಚನ್ನು ಎಳೆದು ಮುರಿದ. ಕೈ ಅಭ್ಯಾಸ ಬಲದಿಂದ ಬಾಯಿಯವರೆಗೆ ಹೋಗಿ ನಿಂತಿತು. ರೈತ ಅದನ್ನೇ ನೋಡುತ್ತಿದ್ದ.

"ತಿನ್ನದೆ ಹೆಂಗ್ ಗೊತ್ತಾಯ್ತದೆ ಸಾವ್ಕಾರ್ರೇ?" ಎಂದ. ಸುತ್ತ ನಿಂತವರು ಹತ್ತಿರ ಬಂದರು.

ವ್ಯಾಪಾರಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ನನಗೆ ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ ಕಣಪ್ಪ. ಕಂಡಕಂಡದ್ದು ತಿನ್ನೋ ಹಾಗಿಲ್ಲ. ನೀನೇ ತಿಂದು ಹೇಳು."

ಯಾರೂ ನಗಲಿಲ್ಲ. ರೈತ ಚೂರನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಚೀಪಿದ. ಆಮೇಲೆ ನೆಲ ನೋಡುತ್ತ, "ಪಾಕ ವಸಿ ತಳ ಹತ್ಕೊಂಡದೆ. ಅಡಿಗಿರೋ ಹತ್ತು ಅಚ್ಚು ಹಿಂಗೇ ಅವೆ. ಅವನ್ನ ಬೇರೆ ಇಡ್ತೀನಿ" ಎಂದ.

ಅಂದಿನಿಂದ ಆ ಪೇಟೆಯಲ್ಲಿ ಅವರವರ ಬೆಲ್ಲವನ್ನು ಅವರವರೇ ತಿಂದು ಹೇಳುವ ಪದ್ಧತಿಯಾಯಿತು. ಒಳ್ಳೆಯ ಬೆಲ್ಲ ತಂದವನು ಚೂರನ್ನು ತಟ್ಟನೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೆರಕೆ ಮಾಡಿದವನ ಕೈ ಬಾಯಿಗೆ ಹೋಗಲು ತಡವಾಗುತ್ತಿತ್ತು. ವ್ಯಾಪಾರಿ ಆ ಕೈ ನೋಡಿ ದರ ಹೇಳುತ್ತಿದ್ದ. ಜಗಳಗಳು ಕಡಿಮೆಯಾದವು. ಅವನ ನಾಲಿಗೆಯ ಸುದ್ದಿಯನ್ನು ಪೇಟೆ ನಿಧಾನವಾಗಿ ಮರೆಯಿತು. ಅವನೂ ಮರೆತ.

ಮೂರು ತಿಂಗಳು ಕಳೆದು ವೈದ್ಯ ಮತ್ತೆ ಕರೆದ. ಹಿಂದಿನ ದಿನ ಹೆಂಡತಿ, ಇವತ್ತು ಗಂಜಿ ಮಾಡಲೇ ಎಂದು ಕೇಳಿದಳು. ಬೇಡ, ದಿನಾ ಮಾಡುವುದನ್ನೇ ಮಾಡು ಎಂದ. ಒಂದು ಮುದ್ದೆ, ಸೊಪ್ಪಿನ ಸಾರು ಉಂಡು ಮಲಗಿದ. ಬೆಳಿಗ್ಗೆ ಎದ್ದು ನಡೆದುಕೊಂಡು ಹೋಗಿ ವೈದ್ಯನ ಮುಂದೆ ತೋಳು ಚಾಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಕೆಂಪಸಿದ್ದಯ್ಯನಿಗೆ ತಡೆಯಲಾಗಲಿಲ್ಲ. "ಚೀಟಿಯಲ್ಲಿ ಏನು ಬಂತು ಗುರುಗಳೇ?" ಎಂದ.

"ಇದ್ದದ್ದು ಇದ್ದ ಹಾಗೇ ಬಂತು. ಸ್ವಲ್ಪ ಇಳಿದಿತ್ತು. ಇನ್ನೂ ಇಳಿಯಬೇಕಿತ್ತು."

ಕೆಂಪಸಿದ್ದಯ್ಯ ತಲೆ ತಗ್ಗಿಸಿದ. ಮಜ್ಜಿಗೆಯ ಆಸೆ ಹೋಗಿತ್ತು, ಭಯ ಹೋಗಿರಲಿಲ್ಲ. ತಂದೆಯ ಕೈ ತನ್ನ ಕೈಯನ್ನು ತಡವರಿಸಿ ಹಿಡಿಯುತ್ತಿದ್ದುದು ನೆನಪಾಯಿತು. ತನ್ನ ಮಗ ಹಾಗೆ ತನ್ನ ಕೈ ಹಿಡಿಯುವಂತಾಗಬಾರದು. ಅದಕ್ಕೆ ಏನು ಬೇಕಾದರೂ ಮಾಡಲು ಅವನು ಸಿದ್ಧನಿದ್ದ. ಏನು ಮಾಡಬೇಕೆಂಬುದು ಮಾತ್ರ ಬೇಕಾಗಿತ್ತು.

"ಹಾಗಾದರೆ ಸೋಮವಾರದವರೆಗೆ ನಾನು ಏನು ತಿನ್ನಲಿ ಗುರುಗಳೇ?"

"ಮಂಗಳವಾರದಿಂದ ಏನು ತಿನ್ನುತ್ತೀಯೋ ಅದನ್ನೇ ತಿನ್ನಪ್ಪ."

ಕೆಂಪಸಿದ್ದಯ್ಯ ಜೇಬಿನ ಚೀಟಿಯನ್ನು ತೆಗೆದು ಗುರುಗಳ ಮುಂದಿಟ್ಟ.