ಕೆಳಗೇರಿಗೆ ಇಳಿದ ಕೆಸರು

ಕರಡಿಹಾಳದಲ್ಲಿ ಹೊಳೆ ಇಳಿದ ಮೇಲೆ ಕೆಳಗೇರಿಯನ್ನು ಎರಡನೆಯ ಸಲ ಮುಳುಗಿಸಿದ್ದು ಹೊಳೆಯಲ್ಲ, ಸಹಾಯಕ್ಕೆ ಬಂದವರು. ಇದನ್ನು ಮೆತ್ತಗೆ ಹೇಳಬೇಕಾಗಿಲ್ಲ. ಮೇಲಿನ ಓಣಿಗಳ ಮನೆಯೊಳಗಿನ ಕೆಸರನ್ನು ಬಾಚಿ ಬೀದಿಗೆ ಎಸೆದರು. ಮಳೆ ಬಂತು. ಬೀದಿಯ ಕೆಸರು ಇಳಿಜಾರು ಹಿಡಿದು ದಲಿತರ ಮನೆಗಳಿಗೆ ನುಗ್ಗಿತು. ಎಸೆದವರು ಕೆಟ್ಟವರಾಗಿರಲಿಲ್ಲ. ಬೆವರು ಸುರಿಸಿ, ಪುಣ್ಯದ ಕೆಲಸವೆಂದೇ ಎಸೆದರು. ಕೆಳಗೆ ಯಾರಿದ್ದಾರೆಂದು ನೋಡಲಿಲ್ಲ, ಅಷ್ಟೇ. ಆ ‘ಅಷ್ಟೇ’ ಎಂಬ ಮಾತಿನೊಳಗೆ ಒಂದು ಇಡೀ ಕೇರಿ ಹೂತುಹೋಯಿತು.

ಆ ಕಾಲಕ್ಕೆ ಪೂಜ್ಯ ನೀಲಗಂಗಮ್ಮ ತಾಯಿಯವರು ಕೆಳಗೇರಿಯ ಗುಡಿಯ ಜಗುಲಿಯ ಮೇಲೆ ವಾಸವಾಗಿದ್ದರು. ಅವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಬುಟ್ಟಿ ಹೆಣೆಯುವ ಮೇದಾರರ ಮನೆಯಲ್ಲಿ ಹುಟ್ಟಿದ ತಾಯಿಯವರು ಶಿವಧ್ಯಾನಕ್ಕೆ ಕುಳಿತಾಗಲೂ ಕೈಯಲ್ಲಿ ಬಿದಿರಿನ ಸೀಳು ಆಡುತ್ತಿತ್ತು. ಹೊಳೆ ಏರಿದಾಗ ಕೇರಿಯ ಜನರೊಂದಿಗೆ ದಿಬ್ಬದ ಮೇಲಿನ ಶಾಲೆಗೆ ಹೋದರು. ಹೊಳೆ ಇಳಿದಾಗ ಅವರೊಂದಿಗೇ ಮರಳಿದರು.

ಗುಡಿಯ ಪಕ್ಕದ ಮನೆ ದುರಗವ್ವಳದು. ಊರಿನ ಕಟ್ಟಕಡೆಯ ಮನೆ. ಅವಳ ಸೊಸೆ ಹುಲಿಗೆವ್ವ ಬಾಣಂತಿ. ಹಸುಗೂಸನ್ನು ಎದೆಗವಚಿಕೊಂಡು ಶಾಲೆಯ ಪಡಸಾಲೆಯಲ್ಲಿ ಒದ್ದೆ ಗೋಡೆಗೆ ಆತು ಮಲಗಿದ್ದಳು. ಕೂಸಿಗೆ ಕೆಮ್ಮು ಹತ್ತಿತ್ತು. ಮನೆ ಬಳಿದು, ನೆಲ ಒಣಗಿಸಿ, ಒಲೆ ಹೂಡಿ ಬಾಣಂತಿಗೆ ಬಿಸಿನೀರು ಹಾಕಬೇಕೆಂದು ದುರಗವ್ವ ಒಂದೇ ಹಟ ಹಿಡಿದು ದುಡಿಯುತ್ತಿದ್ದಳು. ಬಳಿದ ಮನೆಗೆ ಮತ್ತೆ ಕೆಸರು ಬಂತು.

ಆ ಕೆಸರನ್ನು ಎಸೆದವನು ಉಸ್ತಾದ ಫಕೀರಪ್ಪ. ತಾಲ್ಲೂಕಿನ ಗರಡಿಮನೆಯಲ್ಲಿ ಕುಸ್ತಿ ಕಲಿಸುವವನು. ತನ್ನ ಪೈಲ್ವಾನರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು, ಸಲಿಕೆ ಹಿಡಿದು ಬಂದಿದ್ದನು. ಅವನಿಗಿಂತ ಮೊದಲು ಬಂದ ಲಾರಿಯವರು ಹರಕು ಸೀರೆ, ಗುಂಡಿಯಿಲ್ಲದ ಅಂಗಿಗಳನ್ನು ಊರ ಅಗಸಿಯ ಹೆಬ್ಬಾಗಿಲಲ್ಲಿ ಸುರಿದು ಹೋಗಿದ್ದರು. ಆ ರಾಶಿಯ ಮೇಲೆ ನಾಯಿ ಮಲಗಿತ್ತು. ಅದನ್ನು ನೋಡಿ ಫಕೀರಪ್ಪ, “ಒಗದು ಹೋಗೋರಲ್ಲಲೇ ನಾವು, ಮೈಮುರದು ದುಡಿಯೋರು” ಎಂದು ಮೀಸೆ ತಿರುವಿದ್ದನು. ಸಾಧುಸಂತರೆಂದರೆ ಅವನಿಗೆ ಆಗುತ್ತಿರಲಿಲ್ಲ. ಕುಂತು ಉಣ್ಣುವ ಮಂದಿ ಎನ್ನುತ್ತಿದ್ದನು.

ಕೆಲಸ ಅಗಸಿಯ ಹತ್ತಿರದ ಗೌಡರ ಮನೆಯಿಂದ ಶುರುವಾಯಿತು. ಚಹಾ, ಚುರುಮುರಿ ಅಲ್ಲಿ ಸಿಗುತ್ತಿದ್ದವು. ಪೈಲ್ವಾನರು ಅದನ್ನೊಂದು ಪಂದ್ಯ ಮಾಡಿಕೊಂಡರು. “ಯಾರ ಸಲಿಕಿ ಮಣ್ಣು ಆಚೀ ಗ್ವಾಡಿ ಮುಟ್ಟತೈತಿ ನೋಡೂಣು ಬರ್ರಿ!” ಗೆದ್ದವನ ಬೆನ್ನು ತಟ್ಟಿ ಉಸ್ತಾದ ನಕ್ಕನು. ಬೀದಿಯಲ್ಲಿ ಕೆಸರಿನ ಗುಡ್ಡೆ ಬೆಳೆಯಿತು. ಕತ್ತಲಾದ ಮೇಲೆ ಮಳೆ ಹೊಯ್ಯಿತು.

ಬೆಳಿಗ್ಗೆ ಪೈಲ್ವಾನರು ಗೌಡರ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಮೊಣಕಾಲಿನ ತನಕ ಕೆಸರಾದ ದುರಗವ್ವ ಬಂದು ನಿಂತಳು.

“ಯಾರ್ರೀ ಉಸ್ತಾದರು?”

“ನಾನ ಬೇ. ಯಾಕ?”

“ನಿಮ್ಮ ಕೆಸರು ನಮ್ಮ ಮನ್ಯಾಗ ಬಂದು ಕುಂತೈತಿ. ವಾಪಸ್ ಒಯ್ರಿ.”

ಒಬ್ಬ ಪೈಲ್ವಾನ ಕಿಸಕ್ಕನೆ ನಕ್ಕ. “ಅದರ ಮ್ಯಾಲೆ ನಮ್ಮ ಹೆಸರ ಬರದೈತೇನ ಯವ್ವಾ?”

“ಹೆಸರಿಲ್ಲಪ್ಪಾ. ಒಡದ ಪಿಂಗಾಣಿ ಕಪ್ಪು-ಬಸಿ ಚೂರು ಅದಾವು. ನಮ್ಮ ಕೇರ್ಯಾಗ ಯಾರೂ ಬಸ್ಯಾಗ ಚಾ ಕುಡಿಯಂಗಿಲ್ಲ. ಈ ಮನ್ಯಾಗ ನಮಗ ಇಟ್ಟಿದ್ದು ಬ್ಯಾರೆ ಲೋಟ.”

ನಗು ನಿಂತಿತು. ಫಕೀರಪ್ಪನಿಗೆ ಸಿಟ್ಟು ಬಂತು. ತಪ್ಪು ತಿಳಿದಾಗ ಮೊದಲು ಬರುವುದು ಅದೇ. “ನಿಮ್ಮದೂ ಬಳೀತೇವು. ಪಾಳಿ ಬರಲಿ” ಅಂದ.

“ಪಾಳಿ ಬರೂತನಾ ಕೂಸು ಉಳೀಬೇಕಲ್ರೀ” ಎಂದು ಅವಳು ತಿರುಗಿ ಹೋದಳು.

“ಅಲ್ಲೊಬ್ಬಾಕಿ ಸನ್ಯಾಸಿ ಅದಾಳ. ಆಕೀನ ಕಲಿಸಿ ಕಳಿಸಿರಬೇಕು” ಎಂದು ಗೌಡರ ಮನೆಯವರು ಯಾರೋ ಹೇಳಿದರು. ಆ ಸನ್ಯಾಸಿಯ ಮುಖಕ್ಕೇ ನಾಲ್ಕು ಮಾತು ಹೇಳಿ ಬರುತ್ತೇನೆಂದು ಉಸ್ತಾದ ಎದ್ದು ಕೆಳಗಿಳಿದನು.

ಗುಡಿಯ ಜಗುಲಿ ಖಾಲಿಯಿತ್ತು. ತಾಯಿಯವರು ದುರಗವ್ವಳ ಮನೆಯೊಳಗೆ ಮೊಣಕಾಲೂರಿ, ಬರಿಗೈಯಿಂದ ಕೆಸರು ಬಾಚಿ ಬುಟ್ಟಿಗೆ ತುಂಬುತ್ತಿದ್ದರು. ಕಾವಿ ಸೀರೆಗೂ ನೆಲಕ್ಕೂ ಒಂದೇ ಬಣ್ಣ ಬಂದಿತ್ತು.

ಫಕೀರಪ್ಪ ಬಾಗಿಲಲ್ಲಿ ನಿಂತು ಕುಟುಕಿದನು. “ಅವ್ವಾರ, ಸಾಧುಗಳಂತಲ್ರೀ ನೀವು? ದೇವರಿಗೆ ಹೇಳಿ ಮಳಿ ನಿಂದರಸ್ರಿ. ಕೆಲಸ ನಮಗ ಬಿಡ್ರಿ.”

ತಾಯಿಯವರು ತಲೆಯೆತ್ತಲಿಲ್ಲ. “ಬುಟ್ಟಿ ಎತ್ತಸು ಬಾಪ್ಪಾ” ಎಂದರು.

ಅವನು ಎತ್ತಿಸಿದನು. ಅಷ್ಟು ಭಾರವಿರುತ್ತದೆಂದು ಎಣಿಸಿರಲಿಲ್ಲ. ತಾಯಿಯವರು ಅದನ್ನು ತಲೆಯ ಮೇಲೆ ಹೊತ್ತು, ಕೇರಿ ದಾಟಿ, ಕಳ್ಳಿಸಾಲು ದಾಟಿ ನಡೆದರು. ಅವನು ಹಿಂದೆ ಹೋದನು. ಇಟ್ಟಿಗೆಗೆ ಮಣ್ಣು ತೆಗೆದ ಹಳೆಯ ತಗ್ಗೊಂದು ಊರ ಹೊರಗಿತ್ತು. ಅಲ್ಲಿ ಸುರಿದದ್ದು ಎಂಥ ಮಳೆಗೂ ಯಾರ ಮನೆಗೂ ಬರುವುದಿಲ್ಲ. ತಾಯಿಯವರು ಅಲ್ಲಿ ಬುಟ್ಟಿ ಬರಿದು ಮಾಡಿ, ಸೆರಗಿನಿಂದ ಹಣೆ ಒರೆಸಿಕೊಂಡು, ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು:

“ನೀ ಎಸೆದಿ. ಎಲ್ಲಿ ಬಿತ್ತು, ನೋಡಿದಿ?”

ಫಕೀರಪ್ಪ ತಿರುಗಿ ಕೇರಿಯ ಕಡೆ ನೋಡಿದನು.

“ಎಸೆಯೂದು ಸೇವಾ ಅಲ್ಲಪ್ಪಾ. ಹೊತ್ತು ಒಯ್ಯೂದು ಸೇವಾ. ಕಟ್ಟಕಡೀ ಮನಿಯಿಂದ ಹಿಡಿ.”

ಅಷ್ಟೇ ಅಪ್ಪಣೆ. ಉಸ್ತಾದನ ತಲೆಯ ಮೇಲೆ ಕೆಂಪು ರುಮಾಲು ಇತ್ತು. ಹಿರಿಯ ಕುಸ್ತಿಪಟುಗಳು ತುಂಬಿದ ಕಣದಲ್ಲಿ ಅವನಿಗೆ ಸುತ್ತಿದ ರುಮಾಲು; ನೆಲಕ್ಕೆ ತಾಗಿಸಬಾರದೆಂಬುದು ಗರಡಿಯ ನೇಮ. ಅವನು ಅದನ್ನು ಬಿಚ್ಚಿ, ತಿರುಚಿ, ಸುರುಳಿ ಸುತ್ತಿ ತಲೆಹೊರೆಗೆ ಸಿಂಬಿ ಮಾಡಿಕೊಂಡನು. ತಾಯಿಯವರ ಕೈಯಿಂದ ಬುಟ್ಟಿ ತೆಗೆದುಕೊಂಡನು.

ಹುಡುಕಿಕೊಂಡು ಬಂದ ಪೈಲ್ವಾನರು ಇದನ್ನು ನೋಡಿ ಬೆಕ್ಕಸ ಬೆರಗಾದರು. “ಉಸ್ತಾದರು ಹೆಂಗಸರ ಕೆಲಸ ಹಿಡದಾರ!” ಎಂದ ಒಬ್ಬ.

“ಬಾ ಮಗನ, ನಿನ್ನ ತಲ್ಯಾಗಂತೂ ಏನೂ ಇಲ್ಲ, ಮ್ಯಾಲೆ ಬುಟ್ಟಿನಾದ್ರೂ ಇರಲಿ” ಎಂದ ಉಸ್ತಾದ.

ತಮ್ಮ ಮನೆಯ ಪಡಸಾಲೆಯ ಕೆಲಸ ಅರ್ಧಕ್ಕೇ ನಿಂತಿದೆಯೆಂದು ಗೌಡರು ಆಳನ್ನು ಕಳಿಸಿದರು. ಫಕೀರಪ್ಪ ಹೇಳಿದನು: “ಮೊದಲು ನೀರು ಹೋಗೋ ಗಟಾರ ಸಾಫ್ ಆಗಲಿ. ಅಲ್ಲೀತನಾ ಅವರ ಕೆಸರು ಅವರ ಹಿತ್ತಲದಾಗ ಇರಲಿ.”

ಆಮೇಲೆ ಅವನು ಕೇಳದೆ ಏನೂ ಮಾಡಲಿಲ್ಲ. ದುರಗವ್ವಳನ್ನು ಕೇಳಿದನು, ಒಣ ಕಟ್ಟಿಗೆ ಬೇಕೆಂದಳು, ತಂದನು. ಅವಳ ನೆರೆಯವಳನ್ನು ಕೇಳಿದನು, ಬಾವಿ ಅಂದಳು. ಪೈಲ್ವಾನರು ಬಾವಿಯ ಹೊಲಸು ನೀರನ್ನು ಸೇದಿ ಹೊರಹಾಕಿ, ತಳದ ರಾಡಿ ತೆಗೆದು, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕಿದರು. ನೆನೆದ ಗೋಡೆಗೆ ತೊಲೆಯ ಆಸರೆ ಕೊಟ್ಟರು. ನೆಲದ ಮೇಲೆ ಬೂದಿ ಹರಡಿ, ಬಾಗಿಲು ತೆರೆದಿಟ್ಟು ಜಾಲಿಕಟ್ಟಿಗೆಯ ಬೆಂಕಿ ಹಾಕಿ ಒಣಗಿಸಿದರು. ಬುಟ್ಟಿಗಳು ಹರಿದಂತೆಲ್ಲ ತಾಯಿಯವರು ಜಗುಲಿಯ ಮೇಲೆ ಕುಳಿತು ಹೊಸವನ್ನು ಹೆಣೆದುಕೊಟ್ಟರು.

ಹುಲಿಗೆವ್ವ ಕೂಸಿನೊಂದಿಗೆ ಮನೆಗೆ ಬಂದಳು. ಬಚ್ಚಲಲ್ಲಿ ಬಿಸಿನೀರು ಸುರಿದ ಸದ್ದು ಕೇಳಿತು. ಆಮೇಲೆ ಕೂಸು ಕೆಮ್ಮಲಿಲ್ಲ, ಗಟ್ಟಿಯಾಗಿ ಅತ್ತಿತು. ಹೊರಗೆ ನಿಂತಿದ್ದ ಉಸ್ತಾದ ಮುಖ ಆಚೆ ತಿರುಗಿಸಿಕೊಂಡು ತಾನೂ ಅತ್ತನು. ತಾಯಿಯವರು ನೋಡಿಯೂ ನೋಡದಂತೆ ಬಿದಿರು ಸೀಳುತ್ತಿದ್ದರು.

ಮುಂದೆ ಆ ಸೀಮೆಯಲ್ಲಿ ಎಲ್ಲಿ ಹೊಳೆ ಬಂದರೂ ಫಕೀರಪ್ಪ ಹೋದನು. ಯಾವ ಊರಿನಲ್ಲೂ ಅಗಸಿಯಲ್ಲಿ ನಿಲ್ಲಲಿಲ್ಲ, ನೆಟ್ಟಗೆ ಕೆಳಗಿಳಿದನು.

ನೀವು ಇದನ್ನು ಓದಿ, ತಾಯಿಯವರ ಹೆಸರು ಹೇಳಿ ಕೈಮುಗಿದು, ಮಗ್ಗುಲು ಬದಲಿಸಬೇಡಿ. ನೀರು ನುಗ್ಗಿದ ಊರು ನಿಮ್ಮ ಹತ್ತಿರವೂ ಇದೆ. ಹರಕು ಬಟ್ಟೆಯ ಗಂಟು ಕಟ್ಟಬೇಡಿ. ಸಲಿಕೆ, ಬಕೆಟ್ಟು, ಸುಣ್ಣ, ಒಣ ಕಟ್ಟಿಗೆ ತೆಗೆದುಕೊಳ್ಳಿ. ಚಹಾ ಕೊಡುವವರ ಮನೆ ದಾಟಿ ಮುಂದೆ ಹೋಗಿ. ಅಲ್ಲಿರುವ ಹೆಣ್ಣುಮಗಳನ್ನು ಏನು ಬೇಕು ತಾಯಿ ಎಂದು ಕೇಳಿ, ಅವಳು ಹೇಳಿದ್ದನ್ನು ಮಾಡಿ. ನಾಳೆಯಲ್ಲ. ಇವತ್ತೇ ಹೊರಡಿ.